ದೂರದಲ್ಲೇ ಇಳಿಸು

ಗುಮಾಸ್ತ ತಿಪ್ಪೇಶಿ ಅಗ್ಗಕ್ಕೆ ಸಿಕ್ಕಿತೆಂದು ಒಂದು ಹಳೇ ಪುಟ್ಟ ಕಾರು ಕೊಂಡ. ಬಣ್ಣ ಹೋಗಿತ್ತು, ಬಾಗಿಲು ಕಿರುಗುಟ್ಟುತ್ತಿತ್ತು, ಆದರೆ ದಾರಿಯಲ್ಲಿ ಒಂದು ದಿನವೂ ಕೈಕೊಡಲಿಲ್ಲ. ಅವನ ಮ್ಯಾನೇಜರ್ ಶ್ರೀಕಂಠಯ್ಯನವರು ಮಾತ್ರ ಅದನ್ನು "ತಗಡಿನ ಡಬ್ಬ" ಎಂದೇ ಕರೆಯುತ್ತಿದ್ದರು.

ಒಂದು ಮದುವೆಯ ದಿನ ಸಾಹೇಬರ ದೊಡ್ಡ ಕಾರು ಕೆಟ್ಟು ಕೂತಿತು. ಡಬ್ಬವೇ ಗತಿಯಾಯಿತು. ರೇಷ್ಮೆ ಪಂಚೆ ಎತ್ತಿಕೊಂಡು ಹತ್ತಿದವರು, "ಛತ್ರಕ್ಕೆ ದೂರದಲ್ಲೇ ಇಳಿಸು. ಇದರಲ್ಲಿ ಬಂದದ್ದನ್ನ ಯಾರಾದರೂ ನೋಡಿದರೆ ನನ್ನ ಮರ್ಯಾದೆ ಏನಾಗಬೇಕು?" ಎಂದರು.

"ಆಗಲಿ ಸಾರ್."

ಊರಾಚೆ, ಒಂದು ಮರವೂ ಇಲ್ಲದ ಬಯಲಲ್ಲಿ ತಿಪ್ಪೇಶಿ ಕಾರು ನಿಲ್ಲಿಸಿದ.

"ಛತ್ರ ಎಲ್ಲಯ್ಯಾ?"

"ಅಗೋ, ಆ ನೀರಿನ ಟ್ಯಾಂಕಿನ ಆಚೆ. ಇನ್ನೂ ಹತ್ತಿರ ಹೋದರೆ ಯಾರಾದರೂ ನೋಡಿಬಿಡ್ತಾರೆ ಸಾರ್."

ಅಷ್ಟರಲ್ಲಿ ಹಿಂದೆ ಯಾವುದೋ ಕಾರಿನ ಹಾರನ್ ಕೇಳಿತು. ಸಾಹೇಬರು ಹಾರಿ ಇಳಿದೇಬಿಟ್ಟರು.

ಅವರು ಬೆವರಲ್ಲಿ ತೊಯ್ದು ಛತ್ರ ಮುಟ್ಟುವಾಗ ತಿಪ್ಪೇಶಿ ಮೊದಲ ಪಂಕ್ತಿಯಲ್ಲಿ ಉಂಡು ಎಲೆಯಡಿಕೆ ಮೆಲ್ಲುತ್ತಿದ್ದ.

ಹೊರಡುವ ಹೊತ್ತಿಗೆ ಅವನು ಕೀ ಕೈಗೆತ್ತಿಕೊಂಡು ಮೆಲ್ಲಗೆ, "ಕಾರು ಆ ಬಯಲಲ್ಲೇ ನಿಲ್ಲಿಸಿರ್ತೀನಿ ಸಾರ್, ನೀವು ನಡ್ಕೊಂಡು ಬನ್ನಿ" ಎಂದ.

ಬಾಗಿಲ ತುಂಬ ಬೀಗರು ನಿಂತಿದ್ದರು. ಅವರ ನಡುವಿನಿಂದಲೇ ಸಾಹೇಬರು ಗಂಟಲು ಹರಿಯುವಂತೆ ಕೂಗಿದರು:

"ಬೇಡ ಕಣಯ್ಯಾ! ನಮ್ಮ ಕಾರು ಇಲ್ಲಿಗೇ ತಗೊಂಡು ಬಾ!"