ಕಿನ್ನರಿಯ ಕೊನೆಯ ಸಂಪುಟ

"ಗುರುಗಳೇ, ನಮಗೆ ಪ್ರಿಯವಾದದ್ದನ್ನು ನಾವು ಬಚ್ಚಿಟ್ಟುಕೊಂಡರೆ ಯಾರಿಗೇನು ನಷ್ಟ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನ ಗ್ರಂಥಾಲಯದಲ್ಲಿ ಒಬ್ಬ ಹೆಂಗಸು ಕೆಲಸಕ್ಕಿದ್ದಳು. ಅವಳಿಗೆ ತನ್ನವರು ಅಂತ ಯಾರೂ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವಳು, ಸಂಜೆ ಬೀಗ ಹಾಕುವಳು. ಊಟವಾಯಿತೇ ಎಂದು ಕೇಳುವವರೂ ಇರಲಿಲ್ಲ.

ಹರೆಯದ ಮಕ್ಕಳಿಗಾಗಿ ಬರೆದ ಒಂದು ಕಿನ್ನರ ಕತೆಯ ಮಾಲೆಯೆಂದರೆ ಅವಳಿಗೆ ಪ್ರಾಣ. ರೆಕ್ಕೆ ಕಳೆದುಕೊಂಡ ಕಿನ್ನರಿಯೊಬ್ಬಳು ತನ್ನ ನಾಡನ್ನು ಹುಡುಕಿಕೊಂಡು ಹೊರಟ ಕತೆ ಅದು. ಸಂಪುಟದಿಂದ ಸಂಪುಟಕ್ಕೆ ಕಿನ್ನರಿ ನಡೆದಳು. ಈ ಹೆಂಗಸೂ ಅವಳ ಜೊತೆಯಲ್ಲೇ ನಡೆದಳು.

ಕಡೆಗೊಂದು ದಿನ ಕೊನೆಯ ಸಂಪುಟ ಬಂತು. ಹೆಂಗಸು ಮೊದಲ ಪುಟ ಓದಿ ಮುಚ್ಚಿಬಿಟ್ಟಳು. 'ಇದು ಮುಗಿದರೆ ಕಿನ್ನರಿ ತನ್ನ ಮನೆ ಸೇರುತ್ತಾಳೆ. ಆಮೇಲೆ ನನಗೆ ಯಾರು?' ಎಂದುಕೊಂಡು ಪುಸ್ತಕವನ್ನು ಮೇಜಿನ ಖಾನೆಯೊಳಗಿಟ್ಟಳು.

ಅದೇ ಮಾಲೆಯನ್ನು ಓದುತ್ತಿದ್ದ ಹುಡುಗಿಯೊಬ್ಬಳು ವಾರವಾರವೂ ಬರುತ್ತಿದ್ದಳು. "ಕೊನೆಯದು ಬಂತಾ ಅಕ್ಕಾ?" ಎಂದು ಕೇಳುತ್ತಿದ್ದಳು.

"ಇನ್ನೂ ಬಂದಿಲ್ಲ ಕಣಮ್ಮ."

ಇಲ್ಲವೆಂದರೂ ಹುಡುಗಿ ಕೂಡಲೇ ಹೋಗುತ್ತಿರಲಿಲ್ಲ. ಕಿನ್ನರಿ ಈಗ ಎಲ್ಲಿರಬಹುದು, ಕಾಡು ದಾಟಿರಬಹುದೇ ಎಂದು ತಾನೇ ಮಾತು ತೆಗೆಯುತ್ತಿದ್ದಳು. ಸುಳ್ಳು ಹೊರಬಿದ್ದೀತೆಂಬ ಭಯಕ್ಕೆ ಹೆಂಗಸು ತಲೆ ಎತ್ತದೆ ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದಳು. ಹುಡುಗಿ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋಗುತ್ತಿದ್ದಳು.

ಹೀಗೆ ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು. ಒಂದು ಮಧ್ಯಾಹ್ನ ಹುಡುಗಿ ಬಂದವಳು ಪುಸ್ತಕ ಕೇಳಲಿಲ್ಲ.

"ಅಪ್ಪನಿಗೆ ವರ್ಗವಾಗಿದೆ ಅಕ್ಕಾ. ನಾಳೆ ಊರು ಬಿಡುತ್ತೇವೆ. ಹೇಳಿ ಹೋಗೋಣ ಅಂತ ಬಂದೆ. ಪುಸ್ತಕ ಬಂದರೆ ನೀವಾದರೂ ಓದಿ. ಅವಳು ಮನೆ ಸೇರಿದಳು ಅಂತ ಯಾರಿಗಾದರೂ ಒಬ್ಬರಿಗೆ ಗೊತ್ತಿರಲಿ."

ಹೆಂಗಸಿಗೆ ತಡೆಯಲಾಗಲಿಲ್ಲ. ಖಾನೆ ತೆರೆದು ಪುಸ್ತಕವನ್ನು ಹೊರತೆಗೆದು ಹುಡುಗಿಯ ಕೈಯಲ್ಲಿಟ್ಟಳು.

ಹುಡುಗಿ ಹೊದಿಕೆಯ ಮೇಲಿನ ಧೂಳನ್ನು ನೋಡಿದಳು. "ಯಾವಾಗ ಬಂತು?" ಎಂದಳು.

"ಬಹಳ ದಿನವಾಯಿತು."

"ನೀವು ಓದಿದಿರಾ?"

"ಇಲ್ಲ. ಮುಗಿದುಹೋಗುತ್ತದಲ್ಲ ಎಂದು ಹೆದರಿಕೆಯಾಯಿತು."

ಹುಡುಗಿಯ ಮುಖದಲ್ಲಿ ಸಿಟ್ಟು ಕಾಣಲಿಲ್ಲ. "ನನಗೂ ಅದೇ ಹೆದರಿಕೆ ಇತ್ತು ಅಕ್ಕಾ," ಎಂದಳು. ಹೊರಗೆ ಅವಳ ತಂದೆ ಕೂಗಿದರು. ಅವಳು ಪುಸ್ತಕವನ್ನು ಎದೆಗೊತ್ತಿಕೊಂಡು ಹೋದಳು. ಮೆಟ್ಟಿಲ ಬಳಿ ಒಮ್ಮೆ ತಿರುಗಿ ನೋಡಿದಳು.

ಮುಂದಿನ ವಾರ ಅದೇ ಹೊತ್ತಿಗೆ ಹೆಂಗಸು ಬಾಗಿಲ ಕಡೆ ನೋಡಿದಳು. ಅದರ ಮುಂದಿನ ವಾರವೂ ನೋಡಿದಳು. ಯಾರೂ ಬರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ಹೇಳಿದ: "ತಡವಾದರೂ ಹುಡುಗಿಗೆ ಪುಸ್ತಕ ಸಿಕ್ಕಿತಲ್ಲ ಗುರುಗಳೇ. ಹಾಗಿದ್ದ ಮೇಲೆ ಯಾರಿಗೂ ನಷ್ಟವಾಗಲಿಲ್ಲ."

"ಅವಳು ವಾರವಾರವೂ ಬರುತ್ತಿದ್ದುದು ಪುಸ್ತಕಕ್ಕೆ ಮಾತ್ರ ಎಂದು ನಿನಗೆ ಯಾರು ಹೇಳಿದರು?" ಎಂದರು ಗುರುಗಳು.