ಇಲಿಯಾಗೋಕೆ ಮಲಗಿದ ಶೋಕೊ

ಕಣ್ಣು ಮುಚ್ಚಬೇಡ ಕಣೇ ಪುಟ್ಟಿ, ಇವತ್ತಿನ ಕತೇಲಿ ಮಕ್ಕಳು ನಿದ್ದೆ ಮಾಡೋ ಹಾಗೇ ಇಲ್ಲ.

ಒಂದಾನೊಂದು ಕಾಲದಲ್ಲಿ, ಸಮುದ್ರದ ಆಚೆ, ದೊಡ್ಡ ಕೆರೆ ನಡುವೆ ಒಂದು ಊರಿತ್ತಂತೆ, ಅಜ್ಟೆಕ್ ಅನ್ನೋ ಜನರದು. ಅಲ್ಲಿ ಒಬ್ಬ ತಾಯಿಗೆ ಮೂರು ಹೆಣ್ಣುಮಕ್ಕಳಂತೆ. ದೊಡ್ಡೋಳು ತೆಯಾಕ, ನಡುವಿನೋಳು ತ್ಲಾಕೊ, ಕೊನೇ ಕೂಸು ಶೋಕೊ. ನಿನ್ನಷ್ಟೇ ಇದ್ದಳು, ನಿನ್ನಷ್ಟೇ ಹಟ. ಅಮ್ಮ ಆಗ ತುಂಬು ಬಸುರಿಯಂತೆ.

ಆ ಜನಕ್ಕೆ ಒಂದು ಭಯ. ಹುಟ್ಟಿದ ಮಗು ಅಜ್ಜಿ ಆಗೋವಷ್ಟು ವರ್ಷ ಕಳೆದ ಮೇಲೆ ಒಂದು ರಾತ್ರಿ ಬರುತ್ತಂತೆ, ಅವತ್ತು ಊರಿನ ಒಲೆ, ದೀಪ ಎಲ್ಲಾ ಆರಿಸಿಬಿಡಬೇಕಂತೆ, ಆಮೇಲೆ ಪೂಜಾರಿಗಳು ಬೆಟ್ಟ ಹತ್ತಿ ಕಟ್ಟಿಗೆಗೆ ಕಟ್ಟಿಗೆ ತಿಕ್ಕಿ ಹೊಸ ಬೆಂಕಿ ಹುಟ್ಟಿಸಬೇಕಂತೆ. ಹುಟ್ಟಲಿಲ್ಲವೋ, ನಾಳೆ ಸೂರ್ಯನೇ ಬರಲ್ಲ. ಬಸುರಿಯರು ರಾಕ್ಷಸಿಯರಾಗಿಬಿಡ್ತಾರೆ ಅಂತ ಅವರ ಮುಖಕ್ಕೆ ಕತ್ತಾಳೆ ಎಲೆ ಮುಖವಾಡ ಕಟ್ಟಿ ಮುಸುಕಿನ ಜೋಳದ ಕಣಜದಲ್ಲಿ ಕೂಡಿಹಾಕ್ತಿದ್ದರಂತೆ. ನಿದ್ದೆಹೋದ ಮಕ್ಕಳು ಇಲಿಗಳಾಗ್ತಾರೆ ಅಂತ ಚಿವುಟಿ ಚಿವುಟಿ ಎಬ್ಬಿಸ್ತಿದ್ದರಂತೆ.

ಆ ರಾತ್ರಿ ಬಂತಂತೆ. ಅಮ್ಮನ್ನ ಕಣಜದೊಳಗೆ ಬಿಟ್ಟು ಬಾಗಿಲು ಹಾಕಿದರಂತೆ, ಮೂರು ಮಕ್ಕಳೂ ಹೊರಗೆ ಗೋಡೆಗೊರಗಿ ಕೂತವಂತೆ. ಶೋಕೊ ತೂಕಡಿಸಿದಳು, ತೆಯಾಕ ಅವಳ ತೊಡೆ ಚಿವುಟಿದಳು. ಆಮೇಲೆ ಮತ್ತೆ ತೂಕಡಿಸಿದಳು, ತ್ಲಾಕೊ ಅವಳ ಬಾಯಿಗೆ ದಂಟಿನ ಬೀಜದ ಉಂಡೆ ತುರುಕಿದಳು. ಆಮೇಲೆ ಮೂರನೇ ಸಲ ಕಣ್ಣೆಳೀತಾ ಇರೋವಾಗ, ಒಳಗಿಂದ ಅಮ್ಮ ಬಿಕ್ಕೋದು ಕೇಳಿಸ್ತಂತೆ. ಅಮ್ಮನಿಗೂ ಭಯ ಕಣೇ, ನಾನು ರಾಕ್ಷಸಿಯಾಗಿ ನನ್ನ ಮಕ್ಕಳನ್ನೇ ತಿಂದುಬಿಟ್ಟರೆ ಅಂತ.

ಶೋಕೊ ನಿದ್ದೆ ಹಾರಿಹೋಯ್ತಂತೆ. ಬಾಗಿಲು ತಳ್ಳಿದಳು, ಅಲ್ಲಾಡಲಿಲ್ಲ. ಗೋಡೆ ಬುಡದಲ್ಲಿ ನೋಡ್ತಾಳೆ, ಒಂದು ಇಲಿ ಬಿಲ! ಕೈ ಹಾಕಿದಳು, ಮೊಣಕೈ ತನಕ ಹೋಯ್ತು, ಅಷ್ಟೇ. ಆಮೇಲೆ ಏನು ಮಾಡಿದಳು ಗೊತ್ತಾ, ಕೈ ಬಿಲದಲ್ಲೇ ಬಿಟ್ಟು ಅಲ್ಲೇ ಮುದುರಿಕೊಂಡು ಮಲಗಿದಳಂತೆ. ಅಕ್ಕಂದಿರು ಏಳೇ, ಇಲಿಯಾಗ್ತೀಯೇ ಅಂತ ಅಳ್ತಾ ಎಳೆದರೆ, ಆಗ್ಲಿ ಬಿಡ್ರೇ, ಇಲಿಯಾದ್ರೆ ಈ ಬಿಲದಲ್ಲಿ ತೂರಿ ಅಮ್ಮನ ಹತ್ರ ಹೋಗ್ತೀನಿ, ಪಾಪ ಒಬ್ಬಳೇ ಅಳ್ತಿದ್ದಾಳೆ ಅಂದಳಂತೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು, ನಿದ್ದೆ ಬಂದೇಬಿಡ್ತು.

ಒಳಗೆ ಅಮ್ಮ ಇದನ್ನೆಲ್ಲ ಕೇಳಿಸಿಕೊಂಡು ಅಳು ನಿಲ್ಲಿಸಿದಳಂತೆ. ಕತ್ತಲಲ್ಲಿ ತಡಕಾಡಿದರೆ ಪುಟ್ಟ ಕೈ ಸಿಕ್ತಂತೆ, ಅದನ್ನ ಹಿಡ್ಕೊಂಡೇ ಕೂತಳಂತೆ.

ಆಮೇಲೆ ಬೆಟ್ಟದ ಮೇಲೆ ಕೆಂಪಗೆ ಬೆಂಕಿ ಕಾಣಿಸ್ತಂತೆ! ಊರಿಗೆ ಊರೇ ಹೋ ಅಂತಂತೆ. ಪಂಜು ಹಿಡಿದವರು ಓಡಿಬಂದು ಒಲೆ ಹಚ್ಚಿದರು, ಕಣಜದ ಬಾಗಿಲು ತೆಗೆದರು. ಅಮ್ಮ ಮುಖವಾಡ ಕಿತ್ತೆಸೆದು ಬಂದು, ಮೊದಲು ಶೋಕೊ ಬೆನ್ನು ತಡವಿ ನೋಡಿದಳಂತೆ, ಬಾಲ ಬಂದಿದೆಯಾ ಅಂತ. ಇರಲಿಲ್ಲ. ಶೋಕೊ ನಿದ್ದೆಗಣ್ಣಲ್ಲೇ, ಅಮ್ಮಾ, ನಾನು ಒಳಗೆ ಬಂದ್ನಾ ಅಂತ ಕೇಳಿದಳಂತೆ. ಬಂದೆ ಕಂದಾ, ನೀನು ಬಂದಿದ್ದಕ್ಕೇ ನಾನು ರಾಕ್ಷಸಿ ಆಗಲಿಲ್ಲ ಅಂದಳಂತೆ ಅಮ್ಮ.

ಆಮೇಲೆ ಸೂರ್ಯ ಬಂದ, ಪಾಪು ಹುಟ್ಟಿತು, ಹೊಸ ಬೆಂಕೀಲಿ ರೊಟ್ಟಿ ಸುಟ್ಟುಕೊಂಡು ಎಲ್ಲರೂ ಚೆನ್ನಾಗಿದ್ದರಂತೆ. ಅಲ್ಲಿಗೆ ಕತೆ ಮುಗೀತು. ಅಯ್ಯೋ, ಇವಳು ಆಗಲೇ ಮಲಗಿಬಿಟ್ಟಿದ್ದಾಳೆ, ಕೈ ಮಾತ್ರ ನನ್ನ ಸೆರಗಲ್ಲಿದೆ. ಮಲಕ್ಕೋ ಕಂದಾ, ಇಲಿಯಾದರೂ ನನ್ನ ಮಗ್ಗುಲಲ್ಲೇ ಇರು.