ರಾಜನ ಬಾಯಿಗೆ ಬಾರದ ಕಷಾಯ

ಬಹಳ ಬಹಳ ಹಿಂದಿನ ಮಾತು ಕಂದಾ, ಹೊನ್ನಕೆರೆ ಅನ್ನೋ ಊರಿನ ರಾಜನಿಗೆ ಒಂದು ರಾತ್ರಿ ಆಕಳಿಕೆ ಬರಲಿಲ್ಲವಂತೆ. ಬೆಳಗಾಗೋದರೊಳಗೆ ಕೋಟೆ ಬಾಗಿಲು ಹಾಕಿಸಿ, ನಗಾರಿ ಹೊಡೆಸಿ, ಸೈನ್ಯ ನಿಲ್ಲಿಸಿದರಂತೆ. ಯಾರ ಮೇಲೆ ಯುದ್ಧ ಅಂತ ಸೈನ್ಯ ಕೇಳಲಿಲ್ಲ, ಕೇಳೋದು ಅವರ ಪದ್ಧತಿಯಲ್ಲ. ಆಮೇಲೆ ರಾಜ ಡಂಗುರ ಹೊಡೆಸಿದನಂತೆ, ನನಗೆ ನಿದ್ದೆ ಬರೋವರೆಗೂ ಊರಲ್ಲಿ ಯಾರೂ ಮಲಗಕೂಡದು, ಮಲಗಿದರೆ ತಲೆ ಹೋಗುತ್ತೆ ಅಂತ.

ಅದೇ ಊರಲ್ಲಿ ಸಾವಂತ್ರಕ್ಕ ಅಂತ ಒಬ್ಬಳು ಮುದುಕಿ. ಅವಳು ಕೊತ್ತಂಬರಿ ಬೀಜ, ಜೀರಿಗೆ ಘಮ್ಮಂತ ಹುರಿದು ಕುಟ್ಟಿ, ತನ್ನ ಹಿತ್ತಲಿನ ಲಾವಂಚದ ಬೇರು ಹಾಕಿ, ಸಣ್ಣ ಉರೀಲಿ ಕುದಿಸಿ, ಬೆಲ್ಲ ಹಾಕಿ ಇಳಿಸೋ ಹೊತ್ತಿಗೆ ಬೀದಿ ನಾಯಿಗಳೂ ಜಗಳ ಬಿಟ್ಟು ಮುದುರಿಕೊಳ್ತಿದ್ದವಂತೆ. ಅಂಥಾ ಕಷಾಯ! ರಾಜ ಅವಳಿಗೆ ಹೇಳಿಕಳಿಸಿದ, ಮೂರು ರಾತ್ರಿ ಕೊಟ್ಟಿದೀನಿ, ನಿದ್ದೆ ಬರದಿದ್ರೆ ನೀನು ಊರು ಬಿಡು ಅಂತ. ಸಾವಂತ್ರಕ್ಕನಿಗೆ ಹಿತ್ತಲದ್ದೇ ಚಿಂತೆ. ಬೇರು ಬಿಟ್ಟಿರೋದನ್ನ ಗಂಟು ಕಟ್ಟಿಕೊಂಡು ಹೋಗೋದು ಹೇಗೆ?

ಅರಮನೇಲಿ ಒಂದು ಕಟ್ಟಳೆ. ರಾಜ ಕುಡಿಯೋದನ್ನ ಅರಮನೆಯವರೇ ತರಬೇಕು, ತಂದವನು ಮೊದಲು ರುಚಿ ನೋಡಬೇಕು. ಮೊದಲನೇ ರಾತ್ರಿ ಅಡುಗೆಭಟ್ಟ ಚೊಂಬು ತಗೊಂಡು ಹೋದ, ಕಷಾಯ ತುಂಬಿಸಿಕೊಂಡು ಬರ್ತಾ ಒಂದು ಗುಟುಕು ಕುಡಿದ, ಸರಿಯಾಗಿ ಗೊತ್ತಾಗಲಿಲ್ಲ ಅಂತ ಇನ್ನೊಂದು ಕುಡಿದ, ಆಮೇಲೆ ಮೆಟ್ಟಿಲ ಮೇಲೇ ಮಲಗಿಬಿಟ್ಟನಂತೆ. ಬೆಳಿಗ್ಗೆ ರಾಜ ಎಲ್ಲೋ ಕಷಾಯ ಅಂದರೆ, ಆ ಮುದುಕಿ ಕೊಡಲೇ ಇಲ್ಲ ಬುದ್ಧಿ ಅಂದನಂತೆ. ಮುಖ ಮಾತ್ರ ಹೂವಿನ ಹಾಗೆ ಅರಳಿತ್ತು.

ಎರಡನೇ ರಾತ್ರಿ ಮಂತ್ರಿಯೇ ಹೋದ. ರುಚಿಯನ್ನ ಪರಾಮರ್ಶೆ ಮಾಡ್ತಾ ಮಾಡ್ತಾ ಅರ್ಧ ಚೊಂಬು ಇಳಿಸಿ ಕಂಬಕ್ಕೆ ಒರಗಿದ. ಬೆಳಿಗ್ಗೆ, ದಾರೀಲಿ ಆವಿಯಾಗಿ ಹೋಯ್ತು ಬುದ್ಧಿ ಅಂದನಂತೆ. ಹೇಳಿದವನು ಮಂತ್ರಿ, ಹಾಗಾಗಿ ಸಭೆಯವರೆಲ್ಲ ಹೌದು ಹೌದು ಅಂದರಂತೆ.

ಹ್ಞೂಂ ಅಂತಿದೀಯೇನೋ? ಹ್ಞಾ. ಮೂರನೇ ರಾತ್ರಿ ಸೇನಾಪತಿ ಹೋದ, ಹೋದವನು ಬರಲೇ ಇಲ್ಲ. ಆ ಮುದುಕೀನ ನಾನೇ ಊರಾಚೆ ಹಾಕ್ತೀನಿ ಅಂತ ರಾಜ ಸಿಟ್ಟಲ್ಲಿ ಹೊರಟು ನೋಡ್ತಾನೆ, ಅವಳ ಜಗುಲಿ ಮೇಲೆ ಸೇನಾಪತಿ ಗೊರಕೆ ಹೊಡೀತಿದ್ದಾನೆ, ಚೊಂಬು ಖಾಲಿ, ಮೀಸೆಯೆಲ್ಲ ಕಷಾಯ. ಸಾವಂತ್ರಕ್ಕ ಇನ್ನೇನು ಊರು ಬಿಡೋದೇ ಅಂತ ಹಿತ್ತಲಲ್ಲಿ ಲಾವಂಚದ ಬುಡ ಅಗೀತಿದ್ದಾಳೆ.

ಇವನಿಗೆ ಏನು ಕೊಟ್ಟೆಯವ್ವಾ ಅಂದ ರಾಜ. ನಿಮಗೆ ಅಂತ ಕೊಟ್ಟಿದ್ದೇ ಬುದ್ಧಿ, ಮೂರು ದಿನವೂ ಅದನ್ನೇ ಕೊಟ್ಟೆ ಅಂದಳಂತೆ. ರಾಜ ಸೇನಾಪತೀನೇ ನೋಡ್ತಾ ನಿಂತ. ಪಕ್ಕದ ರಾಜ್ಯ ಕಂಡೂ ಅವನಿಗೆ ಅಷ್ಟು ಹೊಟ್ಟೆಕಿಚ್ಚು ಆಗಿರಲಿಲ್ಲವಂತೆ. ನನಗೂ ಮಾಡಿಕೊಡು ಅಂದ. ಹಾಗಾದ್ರೆ ಒಲೆ ಊದಿ ಅಂದಳು. ರಾಜ ಕಣ್ಣಲ್ಲಿ ನೀರು ಸುರಿಸಿಕೊಂಡು ಊದಿದ, ಪಾತ್ರೆ ಇಳಿಸಿಕೊಂಡು ತಂದ, ಲೋಟಕ್ಕೆ ಬಗ್ಗಿಸಿದ, ಬಗ್ಗಿಸಿ ಸುಮ್ಮನೆ ಕೂತ. ರುಚಿ ನೋಡೋರು ಯಾರೂ ಇಲ್ಲವಲ್ಲ!

ಒಲೆಯಿಂದ ತಂದವರು ನೀವೇ ತಾನೆ, ಬೆಲ್ಲ ಸಾಕಾ ನೋಡಿ ಬುದ್ಧಿ ಅಂದಳಂತೆ ಸಾವಂತ್ರಕ್ಕ.

ರಾಜ ನೋಡಿದ. ತಿಳೀಲಿಲ್ಲ ಅಂತ ಮತ್ತೆ ನೋಡಿದ. ಮೂರನೇ ಸಲ ನೋಡಿ, ಒರಳುಕಲ್ಲಿಗೆ ತಲೆ ಕೊಟ್ಟು ಮಲಗಿಯೇಬಿಟ್ಟನಂತೆ. ಆಮೇಲೆ ಊರೆಲ್ಲ ದೀಪ ಆರಿಸಿತು. ಸಾವಂತ್ರಕ್ಕ ಅಗೆದ ಬುಡಗಳಿಗೆ ಮಣ್ಣು ಮುಚ್ಚಿ, ನೀರು ಹಾಕಿ, ತಾನೂ ಮಲಗಿದಳು.

ರಾಜ ಎದ್ದದ್ದು ಮಾರನೇ ದಿನ ಮಧ್ಯಾಹ್ನ. ಸಾವಂತ್ರಕ್ಕ ಊರಲ್ಲೇ ಉಳಿದಳು. ಲಾವಂಚದ ಎರಡು ಬುಡ ಒಣಗಿದವು, ಉಳಿದವು ಚಿಗುರಿದವು. ಕತೆ ಆಯ್ತು.